ಮೇಷ್ಟ್ರು ಮತ್ತು ಟ್ಯಾಂಕರಿನ ನೆರಳು

ಕೆ.ಆರ್. ಪೇಟೆಯಲ್ಲಿ ನಮಗೆ ಕಂಪ್ಯೂಟರ್ ಹೇಳಿಕೊಟ್ಟ ಮೇಷ್ಟ್ರು ಪಾಠ ಮುಗಿದೊಡನೆ ಕಳ್ಳಹೆಜ್ಜೆಯ ವಿಡಿಯೋ ಗೇಮು ಆಡುತ್ತಿದ್ದರು. ಪರದೆಯಲ್ಲಿ ಕಾವಲುಗಾರ ಹತ್ತಿರ ಬಂದರೆ ಕುರ್ಚಿಯಲ್ಲಿ ತಾವೂ ಕುಗ್ಗಿ, "ನೆರಳಲ್ಲಿದ್ದೋನು ಯಾರ್ಗೂ ಕಾಣಾಕಿಲ್ಲ ಕಣ್ಲಾ" ಎನ್ನುತ್ತಿದ್ದರು.

ಡಾಕ್ಟರು ಅವರಿಗೆ ಮಾಂಸ ಬಿಡಿಸಿದ್ದರು, ಕಾವಲು ಹೆಂಡತಿಯದು. ಪಾಂಡವಪುರದಲ್ಲಿ ಮಾಂಸದಡುಗೆಯ ಒಂದು ಬೀಗರೂಟದಲ್ಲಿ ಆಕೆ ಕುರ್ಚಿಯಲ್ಲಿ ಕೂತು ಹರಟುತ್ತಿದ್ದಾಗ, ಮೇಷ್ಟ್ರು ನೀರಿನ ಟ್ಯಾಂಕರಿನ ನೆರಳಲ್ಲಿ ಎಲೆ ಹಾಕಿಸಿಕೊಂಡು ನೆಲಕ್ಕೆ ಕೂತರು. ಗೇಮಿನಲ್ಲಿ ಸೂರ್ಯ ನಿಂತಲ್ಲೇ ನಿಂತಿರುತ್ತಾನೆ, ಪಾಂಡವಪುರದಲ್ಲಿ ಸರಿಯುತ್ತಾನೆ. ನೆರಳು ಸರಿದಂತೆ ಮೇಷ್ಟ್ರೂ ಎಲೆ ಎಳೆದುಕೊಂಡು ಸರಿಯುತ್ತ, ಮೂರನೇ ಮುದ್ದೆಯ ಹೊತ್ತಿಗೆ ಹೆಂಡತಿಯ ಕಾಲ ಬಳಿ ತಲುಪಿದ್ದರು.

ಆಕೆ ಕೆಳಗೆ ನೋಡಲಿಲ್ಲ. ಸಾರು ಬಡಿಸುತ್ತಿದ್ದ ನನ್ನನ್ನು ಕರೆದು, "ಇಲ್ಲಿ ಯಾರೂ ಇಲ್ಲ ಕಣಪ್ಪ, ಎಲೆ ಎತ್ಬುಡು" ಎಂದರು.

ಎತ್ತಿದೆ. ಮೇಷ್ಟ್ರು ಇನ್ನಷ್ಟು ಕುಗ್ಗಿದರು, ಅವರು ಇನ್ನೂ ನೆರಳಲ್ಲೇ ಇದ್ದರು.