ಭದ್ರಾವತಿಯಲ್ಲಿ ಹೊತ್ತು ಮುಳುಗುವ ಬಗೆ

ನನಗೆ ಸಿಟ್ಟು ಬರುತ್ತದೆ. ಇದನ್ನು ಪಶ್ಚಾತ್ತಾಪದಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಕೆಲವರು ತಮ್ಮ ಕೈರುಚಿಯ ಬಗ್ಗೆ ಹೇಳಿಕೊಳ್ಳುತ್ತಾರಲ್ಲ, ಹಾಗೆ ಹೇಳುತ್ತಿದ್ದೇನೆ. ಮೊದಲು ಮೂಗು ಕೆಂಪಾಗುತ್ತದೆ, ಆಮೇಲೆ ಕಿವಿ. ಕಿವಿಯವರೆಗೆ ಬಂತೆಂದರೆ ನಮ್ಮ ಯಜಮಾನರು ಸೈಕಲ್ಲಿಗೆ ಗಾಳಿ ಹೊಡೆಸಲು ಹೊರಟುಬಿಡುತ್ತಾರೆ. ಇಡೀ ಭದ್ರಾವತಿಯಲ್ಲಿ ಅವರ ಸೈಕಲ್ಲಿನಷ್ಟು ಬಿಗಿಯಾದ ಟೈರು ಇನ್ನೊಂದಿಲ್ಲ.

ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಇಂಥ ಮೂಗು ಕೊಟ್ಟದ್ದು ದೇವರ ತಮಾಷೆಯೇ ಇರಬೇಕು. ನಮ್ಮಲ್ಲಿ ಸಿಟ್ಟಿಗೊಂದು ಕಟ್ಟಳೆ ಇದೆ: ಹೊತ್ತು ಮುಳುಗುವುದರೊಳಗೆ ಅದು ತೀರಬೇಕು. ಶಿವಮೊಗ್ಗದ ತವರುಮನೆಯಲ್ಲಿ ಅಪ್ಪ ಸಂಜೆ ಲಾಟೀನಿನ ಗಾಜು ಒರೆಸುತ್ತ, "ಯಾರ್ಯಾರ ಸಿಟ್ಟು ಉಳಿದಿದೆ, ಬನ್ರೇ" ಎಂದು ಕೂಗುತ್ತಿದ್ದರು. ನಾನೂ ಅಕ್ಕನೂ ಕೈ ಕೈ ಹಿಡಿದು ಕ್ಷಮೆ ಕೇಳಬೇಕು. ಹಿಡಿದ ಕೈಯನ್ನು ಮೆಲ್ಲಗೆ ಚಿವುಟಬಾರದೆಂದು ಕಟ್ಟಳೆಯಲ್ಲಿ ಎಲ್ಲೂ ಇರಲಿಲ್ಲ.

ಮದುವೆಯಾಗಿ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದ ಮೇಲೆ, ದೊಡ್ಡವರ ಲೋಕದಲ್ಲಿ ಈ ಕಟ್ಟಳೆ ಒಂದೇ ಕಡೆಗೆ ವಾಲಿದೆ ಎಂದು ಗೊತ್ತಾಯಿತು. ನೋಯಿಸಿದವರು ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ನೊಂದವರಿಗೆ ಮಾತ್ರ ಎಲ್ಲರೂ ಪಡುವಣ ದಿಕ್ಕನ್ನು ತೋರಿಸುತ್ತಾರೆ.

ನಮ್ಮ ಸಾಲಿನ ಕೊನೆಯ ಮನೆಯ ರಾಹೇಲಮ್ಮನ ಸಂಗತಿಯನ್ನೇ ನೋಡಿ. ಗಂಡನಿಲ್ಲದ ಹೆಂಗಸು. ತಿಂಗಳ ಮೊದಲ ಭಾನುವಾರ, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಹಾಸುವುದು ಆಕೆಯ ಸೇವೆ. ಹೊರಗೆ ಒಣಹಾಕಿದರೆ ಕಾರ್ಖಾನೆಯ ಮಸಿ ಕೂರುತ್ತದೆಂದು ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸುವಳು. ಚರ್ಚಿನ ಸಭೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಆಕೆಗೆ ಇದ್ದದ್ದು ಅದೊಂದೇ. ಒಂದು ವರ್ಷ ಆಕೆಯ ಮಗಳು ಶಿವಮೊಗ್ಗದ ಲಿಂಗಾಯತರ ಹುಡುಗನನ್ನು ಮದುವೆಯಾದಳು. ನಮ್ಮ ಸಭೆಯ ಹಿರಿಯರು ದೇವಪ್ರಸಾದಪ್ಪ, ಕಾರ್ಖಾನೆಯಲ್ಲಿ ಮೇಸ್ತ್ರಿ, ಶುಕ್ರವಾರ ರಾತ್ರಿಯ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತರು.

"ಇನ್ಮೇಲೆ ಮೇಜಿನ ಬಟ್ಟೆ ಬೇರೆಯವರು ಒಗೀಲಿ. ಮಗಳನ್ನ ಹದ್ದುಬಸ್ತಲ್ಲಿ ಇಡಕ್ಕಾಗದೋರು ಕರ್ತನ ಮೇಜು ಮುಟ್ಟೋದು ಬೇಡ."

ರಾಹೇಲಮ್ಮ ಭಾನುವಾರಕ್ಕೆಂದು ಮಡಿಸಿ ತಂದಿದ್ದ ಬಟ್ಟೆಯನ್ನು ಬೆಂಚಿನ ಮೇಲಿಟ್ಟು, ಸೆರಗು ಹೊದ್ದು ಹೊರಗೆ ಹೋದಳು. ನನ್ನ ಮೂಗು, ಕಿವಿ ಎರಡೂ ಒಟ್ಟಿಗೇ ಕೆಂಪಾದವು. "ಅವರ ಕೈ ಕೊಳೆಯಾದ್ರೆ ನಿಮ್ಮ ನಾಲಗೆ ಏನಣ್ಣ?" ಎಂದು ಕೂಗಿ, ಬಟ್ಟೆ ಎತ್ತಿಕೊಂಡು ನಾನೂ ಹೊರಬಿದ್ದೆ.

ಮಜಾ ನೋಡಿ, ಅಲ್ಲಿಂದ ಸಭೆಗೆ ಹತ್ತಿದ ಚಿಂತೆ ರಾಹೇಲಮ್ಮನದಲ್ಲ, ನನ್ನ ಸಿಟ್ಟಿನದು. ಮರುದಿನವೇ ಶಿವಮೊಗ್ಗದಿಂದ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬಸ್ಸು ಹತ್ತಿ ಬಂದರು.

"ನಾಳೆ ಕರ್ತನ ಭೋಜನ, ಸಾರಮ್ಮ. ಸಿಟ್ಟಿಟ್ಕೊಂಡು ಮೇಜಿನ ಹತ್ರ ಬರೋ ಹಾಗಿಲ್ಲ. ಹೊತ್ತು ಮುಳುಗೋದ್ರೊಳಗೆ ಬಿಟ್ಬಿಡಮ್ಮ."

"ಕರ್ತನಿಗೂ ಸಿಟ್ಟು ಬಂದಿತ್ತಲ್ಲ ಅಯ್ನೋರೇ?"

"ಅದು ಬೇರೆ."

ಅದು ಬೇರೆಯಂತೆ! ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸುವ ಮೊದಲು ಕರ್ತನು ಕೂತು ಹಗ್ಗದಿಂದ ಕೊರಡೆ ಮಾಡಿಕೊಂಡನು. ಇದರ ಮೇಲೆ ಯಾರೂ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ಹಗ್ಗ ಹೊಸೆದು ನೋಡಿದವರಿಗೆ ಗೊತ್ತು, ಅದು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆಗುವ ಕೆಲಸವಲ್ಲ. ಅಷ್ಟು ಹೊತ್ತೂ ಸಿಟ್ಟು ಆತನ ಕೈಯಲ್ಲಿತ್ತು, ತಲೆಗೆ ಏರಿರಲಿಲ್ಲ. ಶುಕ್ರವಾರ ನನಗೆ ತಲೆಗೇ ಏರಿತ್ತು, ಒಪ್ಪಿದೆ. ಸರಿ, ಈಗ ಕೂತು ಹೊಸೆಯೋಣ ಎಂದುಕೊಂಡೆ. ಅಯ್ಯನವರಿಗೆ ಕಾಫಿ ಕೊಟ್ಟೆ, ಮುಖ ತೊಳೆದೆ, ಬಟ್ಟೆಯನ್ನು ಚೀಲಕ್ಕೆ ಹಾಕಿದೆ.

"ಹೊತ್ತು ಮುಳುಗೋದ್ರೊಳಗೆ ತೀರಿಸ್ತೀನಿ. ಬಿಡೋದಲ್ಲ, ತೀರಿಸೋದು. ನೀವೂ ಬನ್ನಿ."

ಸೈರನ್ ಆಗಿ ಜನ ಕಾರ್ಖಾನೆಯ ಗೇಟಿನಿಂದ ಹೊರಬರುವ ಹೊತ್ತಿಗೆ ನಾವಿಬ್ಬರೂ ಅಲ್ಲಿದ್ದೆವು. ದೇವಪ್ರಸಾದಪ್ಪನವರು ನಮ್ಮನ್ನು ಕಂಡು ಸೈಕಲ್ಲಿನಿಂದ ಇಳಿದರು.

"ಇದೇನಮ್ಮ, ಗೇಟಲ್ಲಿ ಮರ್ಯಾದೆ ತೆಗೀತೀಯಾ? ನಾಳೆ ನೋಡನ."

"ನಾಳೆಗೆ ಹೊತ್ತು ಮುಳುಗಿರುತ್ತಲ್ಲಣ್ಣ. ಸಿಟ್ಟು ಇವತ್ತೇ ತೀರಬೇಕಂತೆ. ಅಯ್ನೋರನ್ನೇ ಕೇಳಿ."

ಅಯ್ಯನವರು ಕೊಡೆಯ ಹಿಡಿಯನ್ನು ಪರೀಕ್ಷಿಸುತ್ತ, "ಹೇಳಿದ್ದು ಹೌದು" ಎಂದರು.

ಹಿರಿಯರು ಗುಡ್ಡದ ಕಡೆ ನೋಡಿದರು. "ಮುಳುಗೇ ಹೋಯ್ತಲ್ಲ. ಇನ್ನೇನು, ಬಿಟ್ಬಿಡು."

ಅಷ್ಟರಲ್ಲಿ ಕಾರ್ಖಾನೆಯ ಹಿಂದೆ, ಕಬ್ಬಿಣ ಕರಗಿಸಿ ಉಳಿದ ಬೆಂಕಿಯಂಥ ಕಿಟ್ಟವನ್ನು ಸುರಿದರು. ನಮ್ಮೂರಿಗೆ ಇದು ದಿನದ ನೋಟ. ಆಕಾಶವೆಲ್ಲ ಕೆಂಪಾಯಿತು, ಹಿರಿಯರ ಬೋಳುತಲೆಯೂ ಕೆಂಪಾಯಿತು.

"ಎಲ್ಲಣ್ಣ ಮುಳುಗಿದೆ? ನೋಡಿ, ಇನ್ನೂ ಕೆಂಪಗಿದೆ!"

ಸುತ್ತ ನಿಂತವರು ನಕ್ಕರು. ಹಿರಿಯರ ಕೈಕೆಳಗಿನ ತಮಿಳು ಕೆಲಸಗಾರನೊಬ್ಬ, "ಪೋಯಿ ವಾಂಗ ಸಾಮಿ, ಹೋಗಿ ಬನ್ನಿ, ಈ ಅಕ್ಕ ಬಿಡಲ್ಲ" ಎಂದ. ಹಿರಿಯರು ರಾಹೇಲಮ್ಮನ ಮನೆಯ ಕಡೆ ಸೈಕಲ್ಲು ತಳ್ಳಿಕೊಂಡು ಹೊರಟರು. ನಾನು ಹಿಂದೆ, ಅಯ್ಯನವರು ನನ್ನ ಹಿಂದೆ.

ರಾಹೇಲಮ್ಮ ಬಾಗಿಲು ತೆರೆದಾಗ ನಾನು ಬಟ್ಟೆಯನ್ನು ಹಿರಿಯರ ಕೈಗಿತ್ತೆ. ಅವರು ಅದನ್ನು ಎರಡೂ ಕೈಯಲ್ಲಿ ಆಕೆಯತ್ತ ನೀಡಿದರು. "ನಾನು ಹಾಗೆ ಅನ್ನಬಾರದಿತ್ತು. ನಾಳೆ ನೀವೇ ಹಾಸಿ ತಾಯಿ."

ರಾಹೇಲಮ್ಮ ಬಟ್ಟೆ ಬಿಡಿಸಿ ನೋಡಿದಳು. ಅಂಚಿನಲ್ಲಿ ಮೇಸ್ತ್ರಿಯ ಹೆಬ್ಬೆಟ್ಟು ಕಪ್ಪಗೆ ಮೂಡಿತ್ತು.

"ಕೈ ತೊಳ್ಕೊಂಡಾದ್ರೂ ಬರಬಾರದಿತ್ತೇ? ಈಗ ಮತ್ತೆ ಒಗೀಬೇಕಲ್ಲ ಮಾರಾಯ್ರೇ" ಎಂದು ಬೈಯುತ್ತಲೇ ಒಲೆಯ ಮೇಲೆ ನೀರಿಟ್ಟಳು. ಬೈಯುವ ಹಕ್ಕು ವಾಪಸು ಬಂದವರ ದನಿ ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು. ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಆ ಬಟ್ಟೆ ಇತ್ತು, ಸ್ವಲ್ಪ ಹಸಿಯಾಗಿಯೇ. ನಾನು ತಣ್ಣಗಿನ ಮೂಗಿನೊಂದಿಗೆ ಹಿರಿಯರ ಪಕ್ಕದಲ್ಲೇ ಮೊಣಕಾಲೂರಿದೆ.

ನನಗೆ ಸಿಟ್ಟು ಬಂದರೆ ಜನ ಈಗಲೂ ಪಡುವಣಕ್ಕೆ ಕೈ ತೋರಿಸುತ್ತಾರೆ. ತೋರಿಸಲಿ. ಕಟ್ಟಳೆಯನ್ನು ನಾನು ಎಂದೂ ಮೀರಿದವಳಲ್ಲ; ಹೊತ್ತು ಮುಳುಗುವುದರೊಳಗೆ ಸಿಟ್ಟು ತೀರಲೇಬೇಕು. ಆದರೆ ಹೊತ್ತು ಮುಳುಗಿತು ಎಂದು ಸಾರುವ ಅಧಿಕಾರ, ಕನಿಷ್ಠ ಭದ್ರಾವತಿಯಲ್ಲಿ, ನೋಯಿಸಿದವರಿಗಿಲ್ಲ.