ಬೇಬಿ ಟೀಚರಿಗೆ ಒಂದು ಮೈಕು

ಚಂದ್ರಮತಿಯನ್ನು ನಾನು ಮೊದಲು ನೋಡಿದ್ದೇ ಒಂದು ಜಗಳದ ನಡುವೆ. ಅಣ್ಣಾ ಸಾಲೆ ರಸ್ತೆಯ ನಮ್ಮ ವಿಮಾ ಕಚೇರಿಯಲ್ಲಿ ಹೆಂಗಸರ ಶೌಚಾಲಯದ ಬೀಗದ ಕೈ ಮ್ಯಾನೇಜರರ ಡ್ರಾಯರಿನಲ್ಲಿ ಇರುತ್ತಿತ್ತು. ಬೇಕಾದಾಗ ಹೋಗಿ, ಎಲ್ಲರ ಎದುರು ಕೈಚಾಚಿ ಕೇಳಬೇಕು. ಕಾರ್ಕಳದ ಕಡೆಯಿಂದ ಮದುವೆಯಾಗಿ ಚೆನ್ನೈಗೆ ಬಂದಿದ್ದ ಈ ಕುಳ್ಳಗಿನ ಹೆಂಗಸು ಯೂನಿಯನ್ ಮೀಟಿಂಗಿನಲ್ಲಿ ಎದ್ದು ನಿಂತು, ನಾಳೆಯಿಂದ ಗಂಡಸರ ಶೌಚಾಲಯದ ಬೀಗದ ಕೈ ತನ್ನ ಡ್ರಾಯರಿನಲ್ಲಿರಲಿ, ಒಂದು ವಾರ ಹೇಗಾಗುತ್ತದೆ ನೋಡೋಣ ಎಂದು ಚೊಕ್ಕ ತಮಿಳಿನಲ್ಲಿ ಹೇಳಿ ಕೂತಳು. ಸಭೆಯೆಲ್ಲ ನಕ್ಕಿತು. ಮರುದಿನ ಬೀಗವೇ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಅವತ್ತಿನಿಂದ ಊಟಕ್ಕೆ ಅವಳ ಪಕ್ಕದಲ್ಲೇ ಕೂರತೊಡಗಿದೆ.

ನಾನು ಮೈಸೂರಿನವಳು, ಅವಳು ಮನೆಯಲ್ಲಿ ತುಳು ಆಡುವವಳು. ಗಂಡ ಪದ್ಮನಾಭರು ರೈಲ್ವೆಯವರು, ಮಾತು ಕಡಿಮೆ; ಆ ಮನೆಯ ಮಾತನ್ನೆಲ್ಲ ಇವಳೊಬ್ಬಳೇ ಆಡಬೇಕಿತ್ತು. ಅವಳಿಗೆ ಬಾಯಿ ಜೋರು ಅನ್ನುವವರು ಕಚೇರಿಯಲ್ಲಿ ಬಹಳ ಮಂದಿ ಇದ್ದರು. ಅವರೇ ತಮ್ಮ ವರ್ಗಾವಣೆ ನಿಲ್ಲಿಸಬೇಕಾದಾಗ ಇವಳನ್ನು ಹುಡುಕಿಕೊಂಡು ಬರುತ್ತಿದ್ದರು.

ನಿವೃತ್ತಿಯಾಗುವ ಹೊತ್ತಿಗೆ ನಾವಿಬ್ಬರೂ ವೇಲಚೇರಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದೆವು. ನೀರು ನುಗ್ಗಿದ ವರ್ಷ ನೆಲಮಹಡಿಯವರನ್ನೆಲ್ಲ ಮೇಲಿನ ಮನೆಗಳಿಗೆ ಹಂಚಿ, ಯಾರ ಮನೆಗೆ ಯಾರು ಎಂದು ಜಗಳವಾಗದಂತೆ ನೋಡಿಕೊಂಡವಳು ಚಂದ್ರಮತಿ. ಆಗ ದೋಣಿಯಲ್ಲಿ ಸಾಂಬಾರ್ ಅನ್ನ ಕಳಿಸಿದ್ದು ಗಿಂಡಿ ಬಡಾವಣೆಯಲ್ಲಿ ಹೋಟೆಲು ನಡೆಸುವ ಶಂಕರನಾರಾಯಣರು. ಪಾತ್ರೆ ವಾಪಸು ಕೊಡುವಾಗ ಇಬ್ಬರ ಊರೂ ಒಂದೇ ತಾಲ್ಲೂಕು ಎಂದು ತಿಳಿಯಿತು. ಅವತ್ತಿನಿಂದ ಅವರು ಇವಳಿಗೆ ಶಂಕರಣ್ಣ, ಇವಳು ಅವರಿಗೆ ಅಕ್ಕ. ಇಬ್ಬರೂ ಸೇರಿದರೆ ತುಳುವಿಗೆ ಜಾರುತ್ತಿದ್ದರು. ನಾನು ಪಕ್ಕದಲ್ಲಿ ಸುಮ್ಮನೆ ಕಾಫಿ ಕುಡಿಯುತ್ತಿದ್ದೆ.

ರೈಲು ನಿಲ್ದಾಣದ ಹಿಂದಿನ ಟ್ರಸ್ಟ್ ಶಾಲೆಗೆ ಶಂಕರನಾರಾಯಣರೇ ಕರೆಸ್ಪಾಂಡೆಂಟ್, ಅಂದರೆ ಆಡಳಿತವೆಲ್ಲ ಅವರ ಕೈಯಲ್ಲಿ. ಒಂದು ಭಾನುವಾರ ಗೋಳಿಬಜೆಯ ಪೊಟ್ಟಣ ಹಿಡಿದುಕೊಂಡು ಬಂದರು. ನಾನೂ ಅಲ್ಲಿದ್ದುದರಿಂದ ಕನ್ನಡದಲ್ಲೇ ಮಾತೆತ್ತಿದರು.

"ಅಕ್ಕ, ನಮ್ಮ ಶಾಲೆಯಲ್ಲಿ ಸ್ಟೂಡೆಂಟ್ ಕೌನ್ಸಿಲ್ ಅಂತ ಒಂದು ಉಂಟು. ಮಕ್ಕಳು ಬ್ಯಾಡ್ಜು ಹಾಕಿಕೊಂಡು ಗೇಟಿನಲ್ಲಿ ನಿಲ್ಲುದು ಬಿಟ್ಟರೆ ಎಂಥದೂ ಮಾಡುದಿಲ್ಲ. ಅವರಿಗೆ ಮಾತಾಡ್ಲಿಕ್ಕೆ ಕಲಿಸಿ. ಶಾಲೆ ಹೇಗಿರಬೇಕು ಅಂತ ಮಕ್ಕಳೂ ಹೇಳಲಿ."

"ಕಲಿಸ್ತೇನೆ. ಆದರೆ ಮಕ್ಕಳು ಹೇಳಿದ್ದರಿಂದ ಯಾರಿಗೂ ತೊಂದರೆ ಆಗ್ಬಾರದು. ಹೇಳಿದವರಿಗೂ, ಯಾರ ವಿಷಯ ಹೇಳಿದ್ರೋ ಅವರಿಗೂ. ಅಷ್ಟು ಮಾತು ಕೊಡ್ಬೇಕು."

"ಎಂಥ ಅಕ್ಕ ನೀವು! ನಾವು ನಾವೇ ಅಲ್ವಾ?" ಎಂದು ಎದೆ ಮುಟ್ಟಿಕೊಂಡರು. ಚಂದ್ರಮತಿಗೆ ಅಷ್ಟು ಸಾಕಾಯಿತು. ಕಚೇರಿಯಲ್ಲಿ ಯಾರ ಮಾತನ್ನೂ ಬರಹದಲ್ಲಿಲ್ಲದೆ ನಂಬದವಳು ಊರಿನವರೆಂದರೆ ಬೆಣ್ಣೆಯಾಗಿಬಿಡುತ್ತಿದ್ದಳು.

ಪ್ರತಿ ಶನಿವಾರ ಹೋಗತೊಡಗಿದಳು. ಬಂದು ನನಗೆ ವರದಿ ಒಪ್ಪಿಸುವುದು ಕಡ್ಡಾಯ. ಮೊದಲ ದಿನ ಏನು ಬೇಕು ಎಂದು ಕೇಳಿದ್ದಕ್ಕೆ ಮಕ್ಕಳು ಈಜುಕೊಳ ಕೇಳಿದರಂತೆ, ಪರೀಕ್ಷೆ ರದ್ದು ಮಾಡಿ ಎಂದರಂತೆ. ಏಳನೆಯ ತರಗತಿಯ ಸೂರಜ್ ಎಂಬವನು ಹೆಡ್‌ಮಿಸ್ಟ್ರೆಸ್ಸನ್ನೇ ಬದಲಾಯಿಸಿ ಎಂದನಂತೆ. ಇವಳು ಯಾವುದಕ್ಕೂ ಬೈಯಲಿಲ್ಲ. ಒಂದೇ ಒಂದು ಕಟ್ಟು ಹಾಕಿದಳು: ಏನು ಸರಿಯಿಲ್ಲ ಎಂದು ಹೇಳಿದವರು ಏನು ಮಾಡಿದರೆ ಸರಿಹೋದೀತು ಎಂಬುದನ್ನೂ ಹೇಳಬೇಕು. ಅಲ್ಲಿಯವರೆಗೆ ಕೂರುವಂತಿಲ್ಲ. ಪಾಪ, ಸೂರಜ್ ಬಹಳ ಹೊತ್ತು ನಿಂತಿದ್ದನಂತೆ.

ಕನ್ನಡದವರ ಮನೆಯ ಮಕ್ಕಳೂ ಅಲ್ಲಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತಿದ್ದರು. ಯಾವ ಭಾಷೆಯಾದರೂ ಸರಿ, ನುಂಗಬೇಡಿ ಎಂದಳು. ನಿಧಾನವಾಗಿ ದಾರಿಗೆ ಬಂದರು. ಗಣಿತದವರು ಕಸಿದುಕೊಳ್ಳುತ್ತಿದ್ದ ಆಟದ ಪೀರಿಯಡ್ಡು ವಾಪಸು ಬಂತು. ಒಂಬತ್ತನೆಯ ತರಗತಿಯ ತೃಷಾ ಕೌನ್ಸಿಲಿನ ಅಧ್ಯಕ್ಷೆ. ಆ ಹುಡುಗಿಯ ಹೆಸರು ಬಾರದ ದಿನವೇ ಇಲ್ಲ. "ನಾನು ನಲ್ವತ್ತು ವರ್ಷಕ್ಕೆ ಕಲಿತದ್ದನ್ನು ಅದು ಹದಿನಾಲ್ಕಕ್ಕೆ ಕಲ್ತಿದೆ ಮಾರಾಯ್ತಿ" ಎಂದು ಹೇಳುವಾಗ ಇವಳ ಮುಖ ನೋಡಬೇಕಿತ್ತು. ಮಕ್ಕಳಿಲ್ಲದ ಚಂದ್ರಮತಿ ಯಾರ ಬಗ್ಗೆಯೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೇಬಿ ಟೀಚರ ವಿಷಯ ಎತ್ತಿದವನು ಸೂರಜ್. ಬೇಬಿ ಟೀಚರು ಸಮಾಜ ಪಾಠದವರು. ಮಂಗಳೂರಿನವರು, ಮದುವೆಯಾಗಿಲ್ಲ, ತಾಯಿಯೊಬ್ಬರೇ ಜೊತೆಗೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೂವತ್ತು ವರ್ಷ ಕೂಗಿ ಕೂಗಿ ಪಾಠ ಹೇಳಿ ಗಂಟಲು ಹೋಗಿತ್ತು. ತರಗತಿಯ ಕಿಟಕಿಯಾಚೆಗೆ ರೈಲು ಹೋಗುತ್ತದೆ. ಹಿಂದಿನ ಬೆಂಚಿಗೆ ಏನೂ ಕೇಳಿಸುವುದಿಲ್ಲ ಎಂದ ಹುಡುಗ, ಇವಳ ಕಟ್ಟು ನೆನಪಾಗಿ ಕೂರದೆ ನಿಂತೇ ಇದ್ದ. ಆಮೇಲೆ ತನ್ನಷ್ಟಕ್ಕೆ ಹೇಳಿದನಂತೆ, ತಂಜಾವೂರಿನ ದೇವಸ್ಥಾನದಲ್ಲಿ ಗೈಡು ಸೊಂಟಕ್ಕೆ ಒಂದು ಸಣ್ಣ ಸ್ಪೀಕರು ಕಟ್ಟಿಕೊಂಡು ಮೈಕಿನಲ್ಲಿ ಮಾತಾಡುತ್ತಿದ್ದ, ಅಂಥದ್ದೊಂದು ಮಿಸ್ಸಿಗೆ ತಂದುಕೊಟ್ಟರೆ?

ಚಪ್ಪಾಳೆಯೋ ಚಪ್ಪಾಳೆ. ಟೀಚರನ್ನು ಮೊದಲು ಒಂದು ಮಾತು ಕೇಳೋಣ ಎಂದು ಚಂದ್ರಮತಿ ಅಂದಳಂತೆ. ಬೇಡ ಆಂಟಿ, ಸರ್‌ಪ್ರೈಸ್ ಕೊಡೋಣ ಎಂದು ಮಕ್ಕಳು ಗೋಗರೆದರು. ಇವಳು ಒಪ್ಪಿಬಿಟ್ಟಳು.

ಮಕ್ಕಳು ಚಂದ್ರಮತಿಯ ಜೊತೆ ಕರೆಸ್ಪಾಂಡೆಂಟರ ಕೋಣೆಗೆ ಹೋದರು. ತೃಷಾ ಎಲ್ಲವನ್ನೂ ಪೂರ್ತಿ ಹೇಳಿದಳು: ಮಿಸ್ಸಿನ ಪಾಠ ಚೆನ್ನಾಗಿರುತ್ತದೆ, ಹಿಂದೆ ಕೂತವರಿಗೆ ಕೇಳಿಸುವುದಿಲ್ಲ, ಮೈಕು ಕೊಡಿಸಿ. ಶಂಕರನಾರಾಯಣರು ತಲೆದೂಗಿ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ಮಕ್ಕಳು ಹಾಲು ಕುಡಿಯುವಾಗ ದೊಡ್ಡವರಿಬ್ಬರೂ ಅಭ್ಯಾಸದಂತೆ ತುಳುವಿನಲ್ಲಿ ಊರಿನ ಹಲಸಿನ ಹಪ್ಪಳದ ಬಗ್ಗೆ ಮಾತಾಡಿಕೊಂಡು ನಕ್ಕರು.

ಹತ್ತು ದಿನ ಕಳೆದು ಸೋಮವಾರ ಬೆಳಿಗ್ಗೆ ಅಸೆಂಬ್ಲಿಗೆ ಚಂದ್ರಮತಿಗೆ ಕರೆ ಬಂತು. ಮೈಕು ಬಂದಿರಬೇಕೆಂದು ರೇಷ್ಮೆ ಸೀರೆ ಉಟ್ಟು ಹೋದಳು, ನನ್ನನ್ನೂ ಎಳೆದುಕೊಂಡು ಹೋದಳು. ಕೌನ್ಸಿಲಿನ ಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದರು. ಶಂಕರನಾರಾಯಣರು ಭಾಷಣ ಮಾಡಿದರು. ಈ ಶಾಲೆ ವಿದ್ಯಾರ್ಥಿಗಳ ಮಾತಿಗೆ ಬೆಲೆ ಕೊಡುವ ಶಾಲೆ, ಸಮಾಜ ಪಾಠ ಕೇಳಿಸುವುದಿಲ್ಲ ಎಂದು ಮಕ್ಕಳೇ ದೂರಿದರು, ನಾವು ತಡಮಾಡಲಿಲ್ಲ, ಬೇಬಿ ಟೀಚರಿಗೆ ವಿಶ್ರಾಂತಿ ಕೊಟ್ಟು ಹೊಸ ಟೀಚರನ್ನು ನೇಮಿಸಿದ್ದೇವೆ. ಇಪ್ಪತ್ತೈದು ದಾಟದ ಹುಡುಗಿಯೊಬ್ಬಳು ಎದ್ದು ಕೈಮುಗಿದಳು. ಫೋಟೋ ತೆಗೆದರು. ತೃಷಾಳ ಮುಖ ಬಿಳಿಚಿಕೊಂಡಿತ್ತು. ಮೈಕಿನ ಸುದ್ದಿಯೇ ಇಲ್ಲ.

ನನಗೆ ಆಗ ಅರ್ಥವಾಯಿತು. ಸಂಬಳ ಜಾಸ್ತಿಯಾದ ಹಳೆಯ ಟೀಚರುಗಳನ್ನು ಕಳಿಸಲು ಟ್ರಸ್ಟಿನವರು ಮೊದಲಿಂದ ಕಾಯುತ್ತಿದ್ದರು, ತಮ್ಮ ಬಾಯಿಂದ ಹೇಳಲು ನಾಚಿಕೆ. ಆ ಕೆಲಸಕ್ಕೆ ಮಕ್ಕಳ ಬಾಯಿ ಬಳಸಿಕೊಂಡರು. ಅದಕ್ಕೆ ಮಾತು ಕಲಿಸಲು ನನ್ನ ಗೆಳತಿ.

ಚಂದ್ರಮತಿ ಸೀದಾ ಅವರ ಕೋಣೆಗೆ ನುಗ್ಗಿದಳು. ನಾನೂ ಬೆನ್ನಿಗಿದ್ದೆ.

"ಶಂಕರಣ್ಣ, ಇದೆಂಥ ಮಾಡಿದ್ರಿ? ಮಕ್ಕಳು ಮೈಕು ಕೇಳಿದ್ದಲ್ವಾ?"

"ಕೂತ್ಕೊಳ್ಳಿ ಅಕ್ಕ. ಕೇಳುದಿಲ್ಲ ಅಂತ ಮಕ್ಕಳು ಹೇಳಿದ್ದು ಸುಳ್ಳಾ?"

"ಅರ್ಧ ಹೇಳಿದ್ರಿ ನೀವು."

"ಮೈಕು ಕಟ್ಟಿದ್ರೆ ಗಂಟಲು ರಿಪೇರಿ ಆಗ್ತದಾ? ಪಾಪ, ಅವರಿಗೂ ರೆಸ್ಟು ಬೇಡ್ವಾ? ನಾವು ನಾವೇ ಇದನ್ನು ದೊಡ್ಡದು ಮಾಡ್ಬಾರದು." ಅವರ ದನಿ ಒಂದಿಷ್ಟೂ ಏರಲಿಲ್ಲ. ಗಿರಾಕಿಯ ಎದುರು ನಿಂತು ಇಡ್ಲಿ ಮುಗಿದಿದೆ ಎಂದು ಹೇಳುವಾಗಿನ ನಯವೇ ಅದು.

ಸಂಜೆ ಬೇಬಿ ಟೀಚರ ಮನೆಗೆ ಹೋದೆವು. ಅವರು ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಒಡೆದ ದನಿಯಲ್ಲಿ ಕೇಳಿದರು: "ಮಕ್ಕಳನ್ನು ಕೂರಿಸಿ ನನ್ನ ಮೇಲೆ ದೂರು ಹೇಳ್ಲಿಕ್ಕೆ ಕಲಿಸಿದ್ದು ನೀವಾ?"

ಚಂದ್ರಮತಿ ಅಳುತ್ತಾ ಎಲ್ಲ ಹೇಳಿದಳು. ಸೊಂಟಕ್ಕೆ ಕಟ್ಟುವ ಸ್ಪೀಕರಿನ ಮಾತು ಬಂದಾಗ ಬೇಬಿ ಟೀಚರು ಮಾತು ತಡೆದರು. "ಸೂರಜ್ ಹೇಳಿದ್ದಾ? ಆ ಪೋಕ್ರಿಯಾ?" ಎಂದು ನಕ್ಕರು, ಕಣ್ಣೊರೆಸಿಕೊಂಡರು. "ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಿ. ನನ್ನ ಹತ್ತಿರ ಒಂದು ಮಾತು ಕೇಳಿದ್ದಿದ್ರೆ, ಆ ಮನುಷ್ಯನ ಹತ್ತಿರ ಹೋಗಬೇಡಿ ಅಂತ ನಾನೇ ಹೇಳ್ತಿದ್ದೆ. ನೀವ್ಯಾಕೆ ಕೇಳ್ಲಿಲ್ಲ?" ಎಂದು ಬಾಗಿಲು ಮುಚ್ಚಿದರು.

ಶನಿವಾರ ಮತ್ತೆ ಶಾಲೆಗೆ ಹೊರಟಳು. ಬೇಡ ಎಂದೆ. ಮಕ್ಕಳು ತಪ್ಪು ತಮ್ಮದೆಂದು ಕೊರಗುತ್ತಿರುತ್ತವೆ, ಅವರ ಜೊತೆ ಸೇರಿ ಬೇಬಿ ಟೀಚರನ್ನು ವಾಪಸು ಕರೆಸುತ್ತೇನೆ ಎಂದಳು. ಒಬ್ಬಳೇ ಹೋಗುವುದು ಬೇಡವೆಂದು ನಾನೂ ಹೋಗಿ ತರಗತಿಯ ಹೊರಗಿನ ಬೆಂಚಿನಲ್ಲಿ ಕೂತೆ. ಬಾಗಿಲು ತೆರೆದಿತ್ತು. ಚಂದ್ರಮತಿ ಬೇಬಿ ಟೀಚರ ಮಾತನ್ನು ಒಪ್ಪಿಸಿದಳು. ತೃಷಾ ಎದ್ದು ನಿಂತು ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು.

"ಆಂಟಿ, ನಿಮಗೆ ಮುಂಚೆಯೇ ತೆರಿಯುಮಾ?"

"ಇಲ್ಲಮ್ಮ. ದೇವರಾಣೆ ಗೊತ್ತಿರಲಿಲ್ಲ."

"ನಾವು ಬಾದಾಮಿ ಪಾಲು ಕುಡೀತಿದ್ದಾಗ ನೀವೂ ಸಾರೂ ನಿಮ್ಮ ಭಾಷೆಯಲ್ಲಿ ಏನೋ ಮಾತಾಡಿದ್ರಿ. ನಕ್ಕಿದ್ರಿ. ನಮಗೆ ಏನೂ ಪುರಿಯಲಿಲ್ಲ. ಆಮೇಲೆ ಮಿಸ್ ಹೋದ್ರು."

"ಅದು ಹಪ್ಪಳದ ಮಾತು ಮಗಾ!"

ಹೇಳಿದ ಮೇಲೆ ಅವಳಿಗೇ ಅದು ಎಷ್ಟು ಟೊಳ್ಳಾಗಿ ಕೇಳಿಸಿತೋ. ತೃಷಾ ಕಣ್ಣು ಕೆಳಗೆ ಹಾಕಿ, ಕಲಿಸಿಕೊಟ್ಟ ಕ್ರಮ ಒಂದಿಷ್ಟೂ ತಪ್ಪದೆ, ಇನ್ನು ಮುಂದೆ ಕೌನ್ಸಿಲ್ ಕೂರುವಾಗ ದೊಡ್ಡವರು ಯಾರೂ ಒಳಗಿರಬಾರದು ಎಂಬ ಠರಾವು ಮಂಡಿಸಿದಳು. ಮಿಸ್ಸಿನ ವಿಷಯ ನಾವೇ ನೋಡಿಕೊಳ್ಳುತ್ತೇವೆ ಎಂದಳು. ಕೈಗಳು ಎದ್ದವು. ಸೂರಜ್ ಸುತ್ತ ನೋಡಿ ಕೊನೆಗೆ ಎತ್ತಿದ. ಚಂದ್ರಮತಿ ಕೈಚೀಲ ಎತ್ತಿಕೊಂಡು ಹೊರಗೆ ಬಂದಳು, ಹಿಂದಿನಿಂದ ಬಾಗಿಲು ಹಾಕಿಕೊಂಡಿತು.

"ಎಂಥಾ ಕೃತಘ್ನ ಮಕ್ಕಳು ಕಣೆ! ನೀನು ಕಲಿಸಿದ್ದನ್ನ ನಿನ್ನ ಮೇಲೇ ತಿರುಗಿಸಿದ್ರಲ್ಲ" ಎಂದೆ ನಾನು.

"ಬೈಬೇಡ. ಅವರಿಗೆ ಹೇಗೆ ಗೊತ್ತಾಗ್ಬೇಕು? ನನಗೆ ಮೋಸ ಆದದ್ದು ಅಂತ ನಾನು ಯಾರ ಹತ್ತಿರ ಹೇಳುದು? ಮೋಸ ಮಾಡಿದವನ ಭಾಷೆಯೇ ನನ್ನದೂ." ಬೆಂಚಿನ ತುದಿಗೆ ಕೂತು ಸೆರಗಿನಿಂದ ಮುಖ ಒತ್ತಿಕೊಂಡಳು.

ಅಷ್ಟರಲ್ಲಿ ಶಂಕರನಾರಾಯಣರು ಯಾರೋ ಪೋಷಕರಿಗೆ ಶಾಲೆ ತೋರಿಸುತ್ತಾ ವರಾಂಡದಲ್ಲಿ ಬಂದರು. ಇವಳನ್ನು ಕಂಡು, ಏನೂ ಆಗಿಲ್ಲವೆಂಬಂತೆ ಮುಖವರಳಿಸಿ ತುಳುವಿನಲ್ಲಿ ಕುಶಲ ಕೇಳಿದರು: "ಎಂಚ ಉಲ್ಲರ್ ಅಕ್ಕ?"

ಚಂದ್ರಮತಿ ಎದ್ದಳು. ಅವರ ಕಡೆ ಮುಖ ಮಾಡಿದ್ದಳಾದರೂ ಬೆನ್ನು ಮುಚ್ಚಿದ ಬಾಗಿಲಿಗೆ ತಾಗಿತ್ತು. ಒಳಗಿನ ಕೊನೆಯ ಬೆಂಚಿಗೂ ಮುಟ್ಟುವಷ್ಟು ಗಟ್ಟಿಯಾಗಿ, ತಮಿಳಿನಲ್ಲಿ ಹೇಳಿದಳು.

"ಬೇಬಿ ಟೀಚರ ಏಮಾತ್ತಿಟ್ಟೀಂಗ. ಇಂದ ಪಸಂಗಳ ಏಮಾತ್ತಿಟ್ಟೀಂಗ. ಎನ್ನೆಯೂ ಏಮಾತ್ತಿಟ್ಟೀಂಗ."

ಟೀಚರಿಗೆ ಮೋಸ ಮಾಡಿದಿರಿ, ಈ ಮಕ್ಕಳಿಗೆ ಮಾಡಿದಿರಿ, ನನಗೂ ಮಾಡಿದಿರಿ. ಪೋಷಕರು ನಿಂತಲ್ಲೇ ನಿಂತರು. ಕರೆಸ್ಪಾಂಡೆಂಟರ ಮುಖ ಕಪ್ಪಿಟ್ಟಿತು. ಒಳಗೆ ನಡೆಯುತ್ತಿದ್ದ ಗುಸುಗುಸು ತಟ್ಟನೆ ನಿಂತಿತು. ಚಂದ್ರಮತಿ ತಿರುಗಿ ಬಾಗಿಲನ್ನೇ ನೋಡುತ್ತಾ ನಿಂತಳು. ಬಹಳ ಹೊತ್ತು ಕಾದೆವು. ಅದು ತೆರೆಯಲಿಲ್ಲ.