ಮೂಲೆ ಮುರಿದ ಕ್ಯಾಸೆಟ್

ವಾಮದಪದವಿನ ಶಂಭುವಿನ ಕ್ಯಾಸೆಟ್ ಅಂಗಡಿ ಮೊಬೈಲ್ ರಿಪೇರಿ ಅಂಗಡಿಯಾಗಿ ವರ್ಷಗಳೇ ಆದವು. ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡುವ ಹಳೆಯ ಡೆಕ್ಕನ್ನು ಮಾತ್ರ ಅವನು ಮಾರಿರಲಿಲ್ಲ. ಅದಕ್ಕೆ ಉಳಿದ ಗಿರಾಕಿ ಒಬ್ಬಳೇ, ಕಣ್ಣು ಕಾಣದ ಸೇಸಮ್ಮ. ಮೊಬೈಲಿನ ನುಣುಪು ಗಾಜಿನಲ್ಲಿ ಅವಳ ಬೆರಳಿಗೆ ಏನೂ ಸಿಗುತ್ತಿರಲಿಲ್ಲ. ಟೇಪ್ ರೆಕಾರ್ಡರಿನ ಗುಂಡಿಗಳು ಸಿಗುತ್ತಿದ್ದವು. ಮಗಳು ಕಾಂತಿ ಮಸ್ಕತ್ತಿನಿಂದ ವಾಟ್ಸಾಪಿನಲ್ಲಿ ಕಳಿಸುವ ಮಾತುಗಳನ್ನು ಶಂಭು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ವಯರು ಎಳೆದು ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದ.

ಆ ದಿನ ಹೊಸ ಮಾತು ತುಂಬಿಸಲು ಸೇಸಮ್ಮನ ಮೊಮ್ಮಗಳು ವಿಸ್ಮಿತಾ ತಂದ ಕ್ಯಾಸೆಟ್ಟಿನ ಎಡಮೂಲೆಯ ಪ್ಲಾಸ್ಟಿಕ್ ಚೂರು ಮುರಿದಿತ್ತು. ಅದು ಮುರಿದರೆ ಡೆಕ್ಕು ಅದರ ಮೇಲೆ ರೆಕಾರ್ಡ್ ಮಾಡುವುದಿಲ್ಲ. ಅಳಿಸಬಾರದ್ದನ್ನು ಉಳಿಸಲು ಹಿಂದೆ ಶಂಭುವೇ ಹಾಗೆ ಮುರಿದುಕೊಡುತ್ತಿದ್ದ.

"ಇದರಲ್ಲಿ ಏನುಂಟು ಮಗಾ?"

"ಗೊತ್ತಿಲ್ಲ ಶಂಭು ಮಾಮ. ಪೆಟ್ಟಿಗೆಯ ಅಡಿಯಲ್ಲಿತ್ತು. ಬೇರೆ ಎಲ್ಲದಕ್ಕೂ ಬೂಸ್ಟು ಬಂದಿದೆ. ಅಜ್ಜಿ ಮಲಗಿದ್ರು, ಕೇಳ್ಲಿಲ್ಲ. ಸಂಜೆ ಬರ್ತೇನೆ."

ಒಮ್ಮೆ ಹಾಕಿ ಕೇಳಬಹುದಿತ್ತು. ಆದರೆ ಎದುರಿಗೆ ಬಿಚ್ಚಿಟ್ಟ ಎರಡು ಮೊಬೈಲುಗಳಿದ್ದವು. ಡೆಕ್ಕು ಮತ್ತೆ ರೆಕಾರ್ಡ್ ಮಾಡುವಂತೆ ಶಂಭು ಮುರಿದ ಮೂಲೆಯ ಗುಳಿಯ ಮೇಲೆ ಅಂಟುಪಟ್ಟಿ ಹಚ್ಚಿದ.

ಇಪ್ಪತ್ತಾರು ನಿಮಿಷ ಕಾಂತಿ ಮಾತಾಡಿದಳು. ಕೊನೆ ಸರಿಯಾಗಿ ಬಂದಿದೆಯೇ ಎಂದು ಶಂಭು ಸ್ವಲ್ಪ ಹಿಂದೆ ತಿರುಗಿಸಿ ಹಾಕಿದ. "ಇಡ್ತೇನೆ ಅಮ್ಮಾ" ಎಂಬಲ್ಲಿಗೆ ಅವಳ ಮಾತು ಮುಗಿಯಿತು. ಮರುಕ್ಷಣ ಹಾಡಿನ ನಡುವಿನಿಂದ ಗಂಡಸಿನ ಸ್ವರವೊಂದು ಎದ್ದು ಬಂತು. ಕೋಣ ಕಟ್ಟಿ ಉಳುವಾಗಿನ ಹಾಡು. ಅಣ್ಣು! ಸೇಸಮ್ಮನ ಗಂಡ, ತೀರಿಕೊಂಡು ಹದಿನೆಂಟು ವರ್ಷ. ಇದೇ ಅಂಗಡಿಯ ಸ್ಟೂಲಿನಲ್ಲಿ ಕುಳಿತು ನಾಚುತ್ತ ಹಾಡಿದ್ದ. ನಾಲ್ಕು ನಿಮಿಷಕ್ಕೆ ರೀಲು ಮುಗಿಯಿತು. ಇನ್ನೊಂದು ಬದಿ ಖಾಲಿ.

ಆ ನಾಲ್ಕು ನಿಮಿಷವನ್ನು ಕಂಪ್ಯೂಟರಿನಲ್ಲಿ ತೆಗೆದಿಟ್ಟು, ವಿಸ್ಮಿತಾಳಿಗೆ ಕಾಯದೆ, ಶಂಭು ತಾನೇ ಸೇಸಮ್ಮನ ಮನೆಗೆ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿದ.

"ಶಂಭುವಾ? ಕಾಲಿನ ಸದ್ದಿಗೇ ಗೊತ್ತಾಯ್ತು. ಹಗಲಲ್ಲೇ ಅಂಗಡಿ ಮುಚ್ಚಿದ್ದೀಯಲ್ಲ ಮಾರಾಯ, ಲಾಟರಿ ಹೊಡೆಯಿತಾ?" ಸೇಸಮ್ಮ ನಕ್ಕು ಕೈ ಚಾಚಿದಳು.

"ಸೇಸಕ್ಕ, ಒಂದು ವಿಷಯ ಹೇಳ್ಲಿಕ್ಕುಂಟು..."

ಕ್ಯಾಸೆಟ್ಟು ಆಗಲೇ ಅವಳ ಕೈಗೆ ಹೋಗಿತ್ತು. ಯಾವುದು ಯಾವ ಕ್ಯಾಸೆಟ್ಟೆಂದು ಅವಳು ತಿಳಿಯುತ್ತಿದ್ದದ್ದು ಮೂಲೆ ಮುಟ್ಟಿ. ಹೆಬ್ಬೆರಳು ಎಡಮೂಲೆಗೆ ಹೋಯಿತು, ಗುಳಿ ಹುಡುಕಿತು, ಅಂಟುಪಟ್ಟಿಯ ಮೇಲೆ ನಿಂತಿತು.

"ಇದನ್ನು ನೀನೇ ಮುರಿದು ಕೊಟ್ಟದ್ದಲ್ವಾ?"

"ಹೌದು ಸೇಸಕ್ಕ. ಮುಚ್ಚಿದ್ದೂ ನಾನೇ. ಕೇಳದೆ ರೆಕಾರ್ಡ್ ಮಾಡಿಬಿಟ್ಟೆ. ಅಣ್ಣುವಣ್ಣನದ್ದು ಕೊನೆಯ ನಾಲ್ಕು ನಿಮಿಷ ಮಾತ್ರ ಉಂಟು."

ಸೇಸಮ್ಮ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಳು. ಶಂಭು ಜಗಲಿಯಲ್ಲಿ ನಿಂತೇ ಇದ್ದ. ಕೂತುಕೋ ಎಂದು ಅವಳು ಹೇಳಲಿಲ್ಲ.